ಕಲ್ಲುಬೆಂಚು ವರ್ಸಸ್ ಜಾನ್ ಗ್ರಿಶಮ್

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಕಲ್ಲುಬೆಂಚಿದೆ. ಯಾರೋ ಪುಣ್ಯಾತ್ಮರು ತಂದೆಯವರ ಜ್ಞಾಪಕಾರ್ಥ ಹಾಕಿಸಿದ್ದು. ಬೆಳಗಿನ ಏಳಕ್ಕೆ ಅದರ ಮೇಲೆ ತ್ರಿಸದಸ್ಯ ಪೀಠ ಕೂರುತ್ತದೆ: ವಿಮಾ ಕಂಪನಿಯಿಂದ ನಿವೃತ್ತರಾದ ಸಾಹೇಬರು, ಸಿವಿಲ್ ಕೋರ್ಟಿನ ವಕೀಲರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ದಣಿದ ಮೇಡಂ. ವಾಕಿಂಗ್ ಎರಡು ಸುತ್ತು, ವಿಚಾರಣೆ ಒಂದೂವರೆ ತಾಸು. ಜ್ಯೂರಿ ಪದ್ಧತಿ ನಮ್ಮ ದೇಶದಿಂದ ಹೋಗಿ ಅರ್ಧ ಶತಮಾನವಾಯಿತು ಅನ್ನುತ್ತಾರೆ. ಹಾಗನ್ನುವವರು ಈ ಬೆಂಚು ನೋಡಿಲ್ಲ.

ಮೊನ್ನೆ ನಾನು ಸಿಕ್ಕಿಬಿದ್ದೆ. ಕಂಕುಳಲ್ಲಿ ಕೋರ್ಟು-ಕಚೇರಿಯ ಥ್ರಿಲ್ಲರ್ ಬರೆಯುವ ಅಮೆರಿಕದ ಕಾದಂಬರಿಕಾರ ಜಾನ್ ಗ್ರಿಶಮ್‌ನ ‘ದಿ ರೇನ್‌ಮೇಕರ್’ ಇತ್ತು. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ರಾಶಿಯಲ್ಲಿ 120 ರೂಪಾಯಿಗೆ ಸಿಕ್ಕಿದ ಪ್ರತಿ. ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ ಯಾರೋ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕೋರಿದ್ದಾರೆ. 112ನೇ ಪುಟದಲ್ಲಿ ಒಂದು ಬಸ್ ಟಿಕೆಟ್ಟು. ಅಲ್ಲಿಯವರೆಗೆ ಪುಟದ ಅಂಚುಗಳು ಬೆರಳಿನ ಜಿಡ್ಡು ಕುಡಿದು ಮಾಸಿವೆ. ಅಲ್ಲಿಂದಾಚೆ ನಿನ್ನೆ ಅಚ್ಚಿನಮನೆಯಿಂದ ಬಂದಂತೆ ಗರಿಗರಿ. ಆ ಹುಟ್ಟುಹಬ್ಬದ ವ್ಯಕ್ತಿ ಈ ಹೊತ್ತು ಯಾವುದೋ ಮದುವೆಮನೆಯ ಪಂಕ್ತಿಯಲ್ಲಿ ಕೂತು, ಹೋಳಿಗೆ ಮುರಿಯುತ್ತಾ, “ಗ್ರಿಶಮ್ಮಾ? ಎಲ್ಲಾ ಓದಿ ಬಿಸಾಕಿದೀನಿ” ಅನ್ನುತ್ತಿರುವುದರಲ್ಲಿ ನನಗೆ ಅನುಮಾನವಿಲ್ಲ.

“ಇನ್ನೂ ಇವನನ್ನ ಓದ್ತೀರಾ?” ಎಂದರು ಮೇಡಂ. “ಇನ್ನೂ ಬೀಡಿ ಸೇದ್ತೀರಾ?” ಎಂದು ಡಾಕ್ಟರು ಕೇಳುವಾಗ ‘ಇನ್ನೂ’ ಮೇಲೆ ಬೀಳುವ ಒತ್ತು ಇಲ್ಲೂ ಬಿತ್ತು. “ಮೊದಮೊದಲಿನವು ಚೆನ್ನಾಗಿದ್ದವು. ಆ ‘ಎ ಟೈಮ್ ಟು ಕಿಲ್’ ಒಂದೇ ಸಾಕಿತ್ತು. ಆಮೇಲೆ ಬರೀ ಫಾರ್ಮುಲಾ.” ಮೂವರೂ ಒಟ್ಟಿಗೆ ತಲೆ ಆಡಿಸಿದರು. ಪೀಠದ ಅವಿರೋಧ ತೀರ್ಪು.

ಗ್ರಿಶಮ್ ಓದಿದವರನ್ನು ಎಲ್ಲಾದರೂ ಮಾತಾಡಿಸಿ ನೋಡಿ, ಹೊರಬೀಳುವುದು ಈ ಎರಡೇ ವಾಕ್ಯ. ಒಂದು, ಮೊದಲಿನವು ಚೆನ್ನಾಗಿದ್ದವು. ಎರಡು, ಎಲ್ಲವೂ ಒಂದೇ ಅಚ್ಚು. ಆ ಮನುಷ್ಯ ಹೊಸ ವರ್ಷದ ದಿನ ಕಾದಂಬರಿ ಶುರು ಮಾಡಿ ಮಳೆಗಾಲದ ಹೊತ್ತಿಗೆ ಮುಗಿಸಿಬಿಡುತ್ತಾನೆ, ಸರಕಾರಿ ಕಚೇರಿಯ ಹಾಜರಿ ಪುಸ್ತಕದಂಥ ಶಿಸ್ತು, ನಿಜ. ಆದರೂ ವರ್ಷಕ್ಕೊಂದಾದರೂ ಹೊಸದು ಬರೆಯುತ್ತಾನೆ. ಈ ಎರಡು ವಾಕ್ಯಗಳು ಮಾತ್ರ ಮೂವತ್ತು ವರ್ಷದಿಂದ ಮರುಮುದ್ರಣ ಕಾಣುತ್ತಲೇ ಇವೆ, ಒಂದಕ್ಷರ ತಿದ್ದದೆ. ಫಾರ್ಮುಲಾ ಯಾರದು ಎಂದು ನನ್ನ ಸಣ್ಣ ಸಂಶಯ.

ಅವನು ಅಚ್ಚು ಮುರಿಯಲು ನೋಡಿದ್ದೂ ಉಂಟು, ಪಾಪ. ‘ಬರೀ ವಕೀಲರು, ಬರೀ ಕೋರ್ಟು, ಇವನಿಗೆ ಬೇರೇನೂ ಗೊತ್ತಿಲ್ಲವೇ’ ಎಂಬ ದೂರು ಜೋರಾಗಿದ್ದ ಕಾಲದಲ್ಲಿ, 2001ರಲ್ಲಿ, ‘ಎ ಪೇಂಟೆಡ್ ಹೌಸ್’ ಬಂತು. 1952ರ ಅರ್ಕನ್ಸಾ, ಹತ್ತಿ ಹೊಲ, ಏಳು ವರ್ಷದ ಹುಡುಗ ಹೇಳುವ ಕಥೆ. ಗ್ರಿಶಮ್ ಹುಟ್ಟಿದ ಸೀಮೆ ಅದು. ದೀಪ ಹಚ್ಚಿ ಹುಡುಕಿದರೂ ಪುಸ್ತಕದಲ್ಲಿ ಒಬ್ಬ ವಕೀಲ ಇಲ್ಲ. ಓದುಗರು ಮುಗಿಬಿದ್ದರು: ಇದೇನಿದು, ವಕೀಲರೇ ಇಲ್ಲವಲ್ಲ! ದಿನಾ ಉಪ್ಪಿಟ್ಟೇನಾ ಎಂದು ಮುಖ ಸಿಂಡರಿಸುವ ಗಂಡಸು, ಹೆಂಡತಿ ಒಂದು ದಿನ ಪಡ್ಡು ಹುಯ್ದಿಟ್ಟರೆ “ಇವತ್ತು ಉಪ್ಪಿಟ್ಟಿಲ್ವಾ?” ಅನ್ನುತ್ತಾನಲ್ಲ, ಆ ಜಾತಿಯವರು. ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬ ಇಟಲಿಯ ಪಾರ್ಮಾದಲ್ಲಿ ಆಡುವ ಕಥೆ ಬರೆದ, ಬೇಸ್‌ಬಾಲ್ ಕಥೆ ಬರೆದ, ಬಾಸ್ಕೆಟ್‌ಬಾಲ್ ಕಥೆಯನ್ನೂ ಬರೆದ. ಪ್ರತಿ ಸಲವೂ ಅದೇ ಗೋಳು. ಸರಿ ಎಂದು 2023ರಲ್ಲಿ ‘ದಿ ಫರ್ಮ್’ ಕಾದಂಬರಿಯ ನಾಯಕ ಮಿಚ್ ಮೆಕ್‌ಡೀರನನ್ನೇ 32 ವರ್ಷದ ಮೇಲೆ ‘ದಿ ಎಕ್ಸ್‌ಚೇಂಜ್’ನಲ್ಲಿ ಮತ್ತೆ ಕರೆತಂದರೆ, ಹಳೇ ಮಿಚ್ ಇವನಲ್ಲ ಎಂದರು. ಮೂವತ್ತೆರಡು ವರ್ಷದಲ್ಲಿ ಇವರು ಹೇಗಿದ್ದರೋ ಹಾಗೇ ಇದ್ದಾರಂತೆ.

ಬೆಂಚಿಗೆ ಮರಳೋಣ. ವಿಮಾ ಸಾಹೇಬರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹಿಂಬದಿ ಓದಿದರು. ‘ರೇನ್‌ಮೇಕರ್’ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮೆಂಫಿಸ್ ಊರಿನ ಬಡ ಸಂಸಾರ, ರಕ್ತದ ಕ್ಯಾನ್ಸರ್ ಬಂದ ಮಗ. ಅವಳಿ ತಮ್ಮನ ಅಸ್ಥಿಮಜ್ಜೆ ಕಸಿ ಮಾಡಿದರೆ ಬದುಕುವ ದಾರಿಯಿದೆ, ಕಂತು ತಪ್ಪದೆ ಕಟ್ಟಿದ ಪಾಲಿಸಿಯೂ ಇದೆ. ವಿಮಾ ಕಂಪನಿ ಕ್ಲೇಮನ್ನು ಒಂದಲ್ಲ ಎರಡಲ್ಲ, ಎಂಟು ಸಲ ತಿರಸ್ಕರಿಸುತ್ತದೆ. ಹುಡುಗ ಸಾಯುತ್ತಾನೆ. ಆಗಷ್ಟೇ ಸನ್ನದು ಪಡೆದ ಎಳೆ ವಕೀಲ ಕೇಸು ನಡೆಸಿ ಗೆಲ್ಲುತ್ತಾನೆ, ಜ್ಯೂರಿ 5 ಕೋಟಿ ಡಾಲರಿನ ದಂಡ ಹಾಕುತ್ತದೆ, ಕಂಪನಿ ದಿವಾಳಿ ಎದ್ದು ನಯಾಪೈಸೆ ಕೊಡುವುದಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯನ್ನು ಮೆಂಫಿಸ್ಸಿನಲ್ಲಿ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

“ಉತ್ಪ್ರೇಕ್ಷೆ,” ಎಂದರು ಸಾಹೇಬರು. “ಎಂಟು ಸಲ ರಿಜೆಕ್ಟ್ ಮಾಡೋದಾ? ನಂಬೋಕಾಗಲ್ಲ ಕಣ್ರೀ.”

ನನಗೂ ಸಮಾಧಾನವಾಯಿತು. ನಮ್ಮ ಕಡೆಯ ಕಂಪನಿಗಳು ಅಷ್ಟು ಕ್ರೂರಿಗಳಲ್ಲ ಅನ್ನುತ್ತಾರೇನೋ ಎಂದುಕೊಂಡೆ.

“ನಮ್ಮ ಕಾಲದಲ್ಲಿ ಎರಡನೇ ಸಲಕ್ಕೇ ಜನ ಸುಮ್ಮನಾಗೋರು.”

ಅವರ ಮುಖದಲ್ಲಿ ನಗೆಯಿರಲಿಲ್ಲ. ಪುಸ್ತಕ ನನ್ನ ಕೈಗೆ ವಾಪಸು ಬಂತು.

ವಕೀಲರ ತಕರಾರು ಬೇರೆ. ಯಾವ ಕೇಸೂ ನಾನೂರು ಪುಟದಲ್ಲಿ ಮುಗಿಯುವುದು ಅವರಿಗೆ ಅಸಹಜವಾಗಿ ಕಾಣುತ್ತದೆ. ಅವರ ಕೈಯಲ್ಲಿರುವ ಒಂದು ವಿಭಾಗ ದಾವೆಗೆ ಈಗ ಹತ್ತೊಂಬತ್ತು ತುಂಬಿದೆ, ಮತದಾನದ ಹಕ್ಕು ಬಂದಿದೆ. ವಾದಿ ತೀರಿಕೊಂಡು ವಾರಸುದಾರರು ಬಂದರು, ವಾರಸುದಾರರಲ್ಲಿ ಒಬ್ಬರು ತೀರಿಕೊಂಡು ಅವರ ವಾರಸುದಾರರು ಬಂದರು. “ಆರ್ಡರ್ ಶೀಟೇ ಗ್ರಿಶಮ್ ಪುಸ್ತಕಕ್ಕಿಂತ ದಪ್ಪ ಇದೆ,” ಎಂದರು, ಕೊಂಚ ಹೆಮ್ಮೆಯಿಂದಲೇ. “ಅದರಲ್ಲಿ ಏನಿದೆ ಸಾರ್?” ಎಂದೆ. “ಮುಂದಿನ ತಾರೀಖು.” ಸಸ್ಪೆನ್ಸ್ ಅಂದರೆ ಅದು. ಯಾವ ಥ್ರಿಲ್ಲರಿಗೂ ಅಷ್ಟು ಎದೆಗಾರಿಕೆ ಇಲ್ಲ.

ಇಷ್ಟರಲ್ಲಿ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಓಡುತ್ತಿದ್ದ ಸಾಫ್ಟ್‌ವೇರ್ ಹುಡುಗ ನಿಂತ. “ಗ್ರಿಶಮ್ಮಾ? ‘ದಿ ಫರ್ಮ್’ ಸೂಪರ್ ಅಂಕಲ್. ಮೂರು ಸಲ ಓದಿದೀನಿ.” ಇಂಥವರಿಗೆಂದೇ ನನ್ನ ಹತ್ತಿರ ಒಂದು ಪಾಟೀಸವಾಲು ಇದೆ. ಕೊನೆಗೆ ಮಿಚ್ ಏನು ಮಾಡುತ್ತಾನೆ? ಹುಡುಗ ತಡವರಿಸಲಿಲ್ಲ: “ಹೆಂಡತಿ, ನಾಯಿ ಜತೆ ಹಳೇ ಕಾರಲ್ಲಿ ಬಾಸ್ಟನ್ನಿಗೆ ವಾಪಸ್ ಹೋಗ್ತಾನೆ.” ಅದು 1993ರ ಸಿನಿಮಾ. ಅಲ್ಲಿ ಟಾಮ್ ಕ್ರೂಸ್ ವಕೀಲನಾಗಿಯೇ ಉಳಿಯಬೇಕು, ಕೈ ಕೊಳಕಾಗಬಾರದು. 1991ರ ಪುಸ್ತಕದ ಮಿಚ್ ಅಂಥ ಸಂಭಾವಿತನಲ್ಲ. ಮಾಫಿಯಾಕ್ಕೂ ಎಫ್‌ಬಿಐಗೂ ಕೈಕೊಟ್ಟು, ಕಂಪನಿಯ ಕೋಟ್ಯಂತರ ಹಣ ಎತ್ತಿಕೊಂಡು, ಕೆರಿಬಿಯನ್ ಕಡಲಿನಲ್ಲಿ ದೋಣಿಯ ಮೇಲೆ ಕೂರುತ್ತಾನೆ. ‘ದಿ ರನ್‌ಅವೇ ಜ್ಯೂರಿ’ಗೂ ಇದೇ ಪರೀಕ್ಷೆ ಒಡ್ಡಬಹುದು: ಕೇಸು ಯಾರ ಮೇಲೆ? ಬಂದೂಕು ಕಂಪನಿ ಎಂದವರು ಸಿನಿಮಾ ನೋಡಿದವರು, ಸಿಗರೇಟು ಕಂಪನಿ ಎಂದವರು ಪುಸ್ತಕ ಓದಿದವರು. ಈ ಪ್ರಶ್ನೆ ಕೇಳಿ ನಾನು ಕಳೆದುಕೊಂಡ ಸ್ನೇಹಿತರು ಒಬ್ಬಿಬ್ಬರಲ್ಲ. ಹುಡುಗ ಮಾತ್ರ ಒಳ್ಳೆಯವನು. “ಹೌದಾ? ಹಾಗಾದ್ರೆ ಪುಸ್ತಕಾನೂ ಓದ್ತೀನಿ” ಎಂದು ಓಡಿದ. ಪೀಠದಿಂದ ಅಂಥ ಮಾತು ಈವರೆಗೆ ಬಂದಿಲ್ಲ.

ಮೇಡಂ ಸುಮ್ಮನಿರುವವರಲ್ಲ. ತಾವು ಒಂದು ಪುಸ್ತಕವನ್ನು ಗೋಡೆಗೆ ಎಸೆದದ್ದನ್ನು ಹೇಳಿದರು. 2008ರ ‘ದಿ ಅಪೀಲ್’. ಮಿಸಿಸಿಪ್ಪಿಯ ಒಂದು ಸಣ್ಣ ಊರಿನ ಕುಡಿಯುವ ನೀರಿಗೆ ರಾಸಾಯನಿಕ ಕಂಪನಿ ವಿಷ ಬೆರೆಸುತ್ತದೆ, ಜ್ಯೂರಿ 4.1 ಕೋಟಿ ಡಾಲರ್ ಪರಿಹಾರ ಕೊಡಿ ಅನ್ನುತ್ತದೆ. ಆ ರಾಜ್ಯದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಜನ ಓಟು ಹಾಕಿ ಆರಿಸುತ್ತಾರೆ. ಕಂಪನಿಯ ಧಣಿ ಮೇಲ್ಮನವಿಗೆ ಒಳ್ಳೆಯ ವಕೀಲನನ್ನು ಹುಡುಕುವ ಬದಲು ನ್ಯಾಯಮೂರ್ತಿಯನ್ನೇ ಹಣ ಸುರಿದು ಗೆಲ್ಲಿಸಿಕೊಳ್ಳುತ್ತಾನೆ. ಕೊನೆಗೆ ಗೆಲ್ಲುವವನೂ ಅವನೇ.

“ಕಳ್ಳ ಗೆದ್ದುಬಿಟ್ಟರೆ ಅದು ಕಥೆನಾ? ಎಲ್ಲಾದರೂ ಹೀಗೆ ನಡೆಯುತ್ತಾ?”

ನಡೆದಿತ್ತು. ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿಯ ಮೇಲೆ 5 ಕೋಟಿ ಡಾಲರಿನ ತೀರ್ಪು ಬಿದ್ದಿತ್ತು. ಅದರ ಮುಖ್ಯಸ್ಥ 2004ರ ಚುನಾವಣೆಯಲ್ಲಿ ಒಬ್ಬ ನ್ಯಾಯಮೂರ್ತಿಯ ಗೆಲುವಿಗೆ 30 ಲಕ್ಷ ಡಾಲರ್ ಸುರಿದ. ಗೆದ್ದವರು ಅದೇ ಕೇಸಿನ ಪೀಠದಲ್ಲಿ ಕೂತು ಕಂಪನಿಯ ಪರ ನಿಂತರು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರು ಹಿಂದೆ ಸರಿಯಬೇಕಿತ್ತು ಎಂದಿತು. ಅದೂ ಒಂಬತ್ತರಲ್ಲಿ ಐದೇ ಓಟಿನಿಂದ. ನಾಲ್ವರಿಗೆ ಅದರಲ್ಲೂ ತಪ್ಪು ಕಾಣಲಿಲ್ಲ. ಅಂದರೆ ಗೋಡೆಗೆ ಎಸೆಯಬೇಕಾದ ವಸ್ತುವನ್ನು ಮೇಡಂ ಸರಿಯಾಗಿ ಗುರುತಿಸಿರಲಿಲ್ಲ.

ಇನ್ನೂ ಸ್ವಾರಸ್ಯದ್ದು ‘ದಿ ಇನೊಸೆಂಟ್ ಮ್ಯಾನ್’ ಬಗ್ಗೆ ಬಂದ ಮಾತು. “ಪೊಲೀಸರು, ಪ್ರಾಸಿಕ್ಯೂಟರು ಎಲ್ಲರೂ ಅಷ್ಟು ಪೆದ್ದರಾಗಿರೋಕೆ ಸಾಧ್ಯನಾ? ಈ ಸಲ ಕಥೆ ಹೆಣೆಯೋದರಲ್ಲಿ ಸೋತ,” ಎಂದರು ಸಾಹೇಬರು. ಅದು ಕಥೆಯಲ್ಲ. 2006ರಲ್ಲಿ ಬಂದ ಅವನ ಮೊದಲ ಸತ್ಯಕಥನ. ಒಕ್ಲಹೋಮಾದ ಏಡಾ ಎಂಬ ಊರಿನ ರಾನ್ ವಿಲಿಯಮ್ಸನ್, ಒಂದು ಕಾಲದ ಬೇಸ್‌ಬಾಲ್ ಭರವಸೆ. ಮಾಡದ ಕೊಲೆಗೆ 1988ರಲ್ಲಿ ಮರಣದಂಡನೆ ಆಯಿತು. ದಂಡನೆಗೆ ಐದು ದಿನ ಉಳಿದಿದ್ದಾಗ ತಡೆಯಾಜ್ಞೆ ಸಿಕ್ಕಿತು. 1999ರಲ್ಲಿ ಡಿಎನ್ಎ ಪರೀಕ್ಷೆ ಅವನನ್ನು ಬಿಡಿಸಿತು. ಐದು ವರ್ಷಕ್ಕೆ ತೀರಿಕೊಂಡ. ಪತ್ರಿಕೆಯಲ್ಲಿ ಬಂದ ಅವನ ನಿಧನವಾರ್ತೆ ಓದಿಯೇ ಗ್ರಿಶಮ್ ಆ ಪುಸ್ತಕಕ್ಕೆ ಕೂತದ್ದು. ಕಲ್ಪಿಸಿ ಬರೆದದ್ದಕ್ಕೆ ‘ಉತ್ಪ್ರೇಕ್ಷೆ’ ಎಂದಷ್ಟೇ ಹೇಳಿದ ಪೀಠ, ಒಂದಕ್ಷರವೂ ಕಲ್ಪಿಸದ ಪುಸ್ತಕಕ್ಕೆ ‘ನಂಬಲನರ್ಹ’ ಎಂದು ಷರಾ ಬರೆಯಿತು.

ಗ್ರಿಶಮ್ ಪರ ನನ್ನ ವಕಾಲತ್ತಿಲ್ಲ. ಕೆಲವು ಪುಸ್ತಕ ನನಗೂ ಅರ್ಧದಲ್ಲಿ ನಿದ್ದೆ ತರಿಸಿವೆ. ಹೆಣ್ಣು ಪಾತ್ರಗಳು ಬಹಳ ಸಲ ಕಾಫಿ ತಂದಿಟ್ಟು ಮರೆಯಾಗುತ್ತವೆ. ಆದರೆ ಓದಿ ನಿದ್ದೆ ಹೋಗುವುದಕ್ಕೂ ಓದದೆ ತೀರ್ಪು ಕೊಡುವುದಕ್ಕೂ ವ್ಯತ್ಯಾಸವಿದೆ.

ಎದ್ದು ಹೊರಟಾಗ ಮೇಡಂ ಮತ್ತೆ ಕೂಗಿ ಹೇಳಿದರು: “ಆ ‘ಎ ಟೈಮ್ ಟು ಕಿಲ್’ ಇದೆಯಲ್ಲ, ಅದನ್ನ ಬಂದಾಗಲೇ ಓದಿದ್ದೆ ನಾನು. ಆವತ್ತೇ ಗೊತ್ತಾಗಿತ್ತು ದೊಡ್ಡ ಲೇಖಕ ಅಂತ.” ಉಳಿದಿಬ್ಬರೂ ತಾವೂ ಆವತ್ತೇ ಓದಿದ್ದಾಗಿ ಸಾಕ್ಷ್ಯ ನುಡಿದರು.

ಆಗ ಮಿಸಿಸಿಪ್ಪಿಯಲ್ಲಿ ವಕೀಲನಾಗಿದ್ದ ಗ್ರಿಶಮ್ ಬೆಳಗಿನ ಐದಕ್ಕೆ ಎದ್ದು ಮೂರು ವರ್ಷ ಬರೆದ ಕಾದಂಬರಿ ಅದು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ವಿನ್‌ವುಡ್ ಎಂಬ ಚಿಕ್ಕ ಪ್ರಕಾಶನ ಸಂಸ್ಥೆ 1989ರ ಜೂನಿನಲ್ಲಿ ಹೊರತಂದಿತು. ಹಾಕಿಸಿದ್ದು 5,000 ಪ್ರತಿ. ಅದರಲ್ಲಿ 1,000 ಪ್ರತಿ ಕೊಂಡವನು ಗ್ರಿಶಮ್ಮೇ. ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ತಾನೇ ಮಾರಲು ಹೊರಟಿದ್ದ.