‘ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರೋದೇ ಇಲ್ಲ’
ಕ್ವೆರಿ ಮೇಡಂ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಆರೋಗ್ಯ ವಿಮೆ ಮಾಡಿಸಿ ಒಮ್ಮೆಯಾದರೂ ಆಸ್ಪತ್ರೆ ಸೇರಿದವರಿಗೆ ಈಕೆಯ ಪರಿಚಯ ಬೇಕಿಲ್ಲ. ಇನ್ಶೂರೆನ್ಸ್ ಡೆಸ್ಕಿನ ಹುಡುಗ ಕಂಪ್ಯೂಟರಿನಿಂದ ತಲೆಯೆತ್ತದೆ ‘ಕ್ವೆರಿ ಬಂದಿದೆ ಸಾರ್’ ಅಂದರೆ ಸಾಕು, ಎದುರಿಗಿದ್ದವರ ಮುಖ ಇಳಿದುಹೋಗುತ್ತದೆ. ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎಯ ಲಾಗಿನ್‌ನಲ್ಲಿ ಹುಟ್ಟಿ, ಇಮೇಲ್‌ನಲ್ಲಿ ಬೆಳೆದ ಕ್ವೆರಿ ಮೇಡಂಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ರೋಗಿಗಳ ಫೈಲು ಕಂಡರೆ ತುಸು ಹೆಚ್ಚೇ ಅಕ್ಕರೆ. ದೇಹದ ರಕ್ಷಣಾ ಪಡೆಯೇ ತಿರುಗಿಬಿದ್ದು ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ನಡುವೆ ಕಾಣಿಸಿಕೊಳ್ಳುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಬೇಗ ಶುರುಮಾಡಿದರೆ ಹೊಸ ಮದ್ದುಗಳು ಅದನ್ನು ಬಹುಮಟ್ಟಿಗೆ ತಡೆದು ಹಿಡಿಯುತ್ತವೆ. ಅವುಗಳಲ್ಲಿ ಕೆಲವಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಬೇಕು. ಮೇಡಂ ಪ್ರವೇಶ ಅಲ್ಲೇ.

ಎಲ್ಲರನ್ನೂ ಪ್ರಶ್ನಿಸುವ ಈಕೆ ಕೊನೆಗೂ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದರು. ಭೇಟಿಯಾದದ್ದು ಬೆಂಗಳೂರಿನ ಆಸ್ಪತ್ರೆಯೊಂದರ ಬೇಸ್‌ಮೆಂಟಿನಲ್ಲಿ, ಬಿಲ್ಲಿಂಗ್ ಕೌಂಟರಿನ ಪಕ್ಕ, ‘ಕ್ಯಾಶ್‌ಲೆಸ್ ಸೌಲಭ್ಯ ಲಭ್ಯ’ ಎಂಬ ಬೋರ್ಡಿನ ಕೆಳಗೆ.

ನಮಸ್ಕಾರ ಮೇಡಂ. ಮೊದಲು ನಿಮ್ಮ ಪರಿಚಯ ಮಾಡಿಕೊಡಿ.

ಮೊದಲು ನಿಮ್ಮ ಐಡಿ ಪ್ರೂಫ್ ಕೊಡಿ, ಎರಡೂ ಬದಿ ಜೆರಾಕ್ಸ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದಿದೆ, ವಿಸಿಟಿಂಗ್ ಕಾರ್ಡಲ್ಲಿ ಮುಂದಿದೆ. ಇಬ್ಬರೂ ಒಬ್ಬರೇ ಅನ್ನೋದಕ್ಕೆ ಅಫಿಡವಿಟ್ ಇದೆಯಾ? ಹೋಗಲಿ ಬಿಡಿ, ಪತ್ರಿಕೆಯವರು ಅಂತ ಇವತ್ತೊಂದು ದಿನ ಬಿಟ್ಟಿದ್ದೀನಿ.

ನಿಮ್ಮ ಕೆಲಸವೇನು ಅಂತ ಸರಳವಾಗಿ ಹೇಳಬಹುದಾ?

ಕಂಪನಿಗೆ ‘ಹೂಂ’ ಅನ್ನೋಕೆ ಮನಸ್ಸಿರಲ್ಲ, ‘ಉಹೂಂ’ ಅನ್ನೋಕೆ ಧೈರ್ಯ ಇರಲ್ಲ. ಅವೆರಡರ ಮಧ್ಯದ ಸಂದಿಯಲ್ಲಿ ನನ್ನ ಸಂಸಾರ. ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರೋದೇ ಇಲ್ಲ. ‘ಇಲ್ಲ’ ಅಂದರೆ ಜನ ಮೇಲ್ಮನವಿಗೆ ಹೋಗ್ತಾರೆ. ‘ಇನ್ನೊಂದು ಕಾಗದ ಬೇಕು’ ಅಂದರೆ ಜೆರಾಕ್ಸ್ ಅಂಗಡಿಗೆ ಹೋಗ್ತಾರೆ.

ಆದರೆ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ನಿರ್ಧಾರ ತಿಳಿಸಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಮೇ ತಿಂಗಳಲ್ಲೇ ಸುತ್ತೋಲೆ ಹೊರಡಿಸಿದೆಯಲ್ಲ?

ಅದಕ್ಕೇ ನಾನು ಐವತ್ತೆಂಟನೇ ನಿಮಿಷಕ್ಕೆ ಬರ್ತೀನಿ. ನಾವು ಸಮಯಕ್ಕೆ ಬಹಳ ಬೆಲೆ ಕೊಡೋರು.

ಎಂಎಸ್ ಫೈಲು ಬಂದಾಗ ನಿಮ್ಮ ಮೊದಲ ಪ್ರಶ್ನೆ ಯಾವುದು?

‘ಕಾಯಿಲೆ ಶುರುವಾಗಿದ್ದು ಯಾವಾಗ? ಮೊದಲ ಕನ್ಸಲ್ಟೇಷನ್ ಪೇಪರ್ ಸಮೇತ ತಿಳಿಸಿ.’ ನೋಡೋಕೆ ಎಷ್ಟು ಸಾಧು ಪ್ರಶ್ನೆ! ಪಾಪ, ಆ ಹುಡುಗಿ ಡಾಕ್ಟರ ಹತ್ತಿರ ಎಲ್ಲಾ ಹೇಳ್ಕೊಂಡಿರ್ತಾಳೆ. ಕಾಲೇಜಲ್ಲಿದ್ದಾಗ ಒಂದು ಕಣ್ಣು ಮಂಜಾಗಿತ್ತು, ಕೆಲವು ದಿನಕ್ಕೆ ತಾನಾಗೇ ಸರಿಹೋಯ್ತು. ಮದುವೆಯಾದ ವರ್ಷ ಪಾದ ಜುಮ್ ಅಂತಿತ್ತು, ಚಪ್ಪಲಿ ಕಳಚಿಬಿದ್ದರೂ ಗೊತ್ತಾಗ್ತಿರಲಿಲ್ಲ ಅಂತ. ಡಾಕ್ಟರು ಅದನ್ನ ಕೇಸ್‌ಶೀಟ್‌ನಲ್ಲಿ ಬರೀತಾರೆ. ಆ ಎರಡು ಸಾಲು ಸಿಕ್ಕಿದರೆ ನನಗೆ ತಿಂಗಳಿಗಾಗುವಷ್ಟು ಕೆಲಸ. ‘ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಾ?’

ಆಗ ಅದು ಎಂಎಸ್ ಅಂತ ಅವಳಿಗೂ ಗೊತ್ತಿರಲಿಲ್ಲ, ಯಾವ ಡಾಕ್ಟರೂ ಹೇಳಿರಲಿಲ್ಲ. ನಿಯಮ ಏನು ಹೇಳುತ್ತದೆ?

ನಿಯಮ ನನಗೆ ಬಾಯಿಪಾಠ. ಪಾಲಿಸಿ ಮಾಡಿಸೋಕೆ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಆ ಕಾಯಿಲೆ ಪತ್ತೆಮಾಡಿರಬೇಕು, ಇಲ್ಲಾ ಅದಕ್ಕೆ ಸಲಹೆ, ಚಿಕಿತ್ಸೆ ಕೊಟ್ಟಿರಬೇಕು. ಹಾಗಿದ್ದರೆ ಮಾತ್ರ ಅದು ‘ಮೊದಲೇ ಇದ್ದ ಕಾಯಿಲೆ’. ಅಂಥ ಕಾಯಿಲೆಗೂ ಕಾಯೋ ಅವಧಿ 2024ರ ಏಪ್ರಿಲ್‌ನಲ್ಲಿ 48 ತಿಂಗಳಿಂದ 36ಕ್ಕೆ ಇಳಿದಿದೆ. ಇನ್ನು ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದವರ ಮೇಲೆ, ವಂಚನೆ ಸಾಬೀತಾಗದ ಹೊರತು, ‘ನೀವು ಹೇಳಲಿಲ್ಲ’ ಅಂತ ತಗಾದೆ ತೆಗೆಯೋ ಹಾಗಿಲ್ಲ. ಮೊದಲು ಅದು ಎಂಟು ವರ್ಷ ಇತ್ತು. ಇದೆಲ್ಲ ನನಗೆ ಗೊತ್ತು. ಅವರಿಗೆ ಗೊತ್ತಾ ಅನ್ನೋದು ನನ್ನ ಕ್ವೆರಿ.

ಮದ್ದಿನ ವಿಷಯಕ್ಕೆ ಬರೋಣ. ನ್ಯೂರಾಲಜಿಸ್ಟ್ ಓಕ್ರೆಲಿಜುಮ್ಯಾಬ್ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಡ್ರಿಪ್.

ಎಷ್ಟು ಹೊತ್ತು ಮಲಗಿರ್ತಾರೆ?

ಮೊದಲು ಸ್ಟೆರಾಯ್ಡ್, ಅಲರ್ಜಿ ತಡೆಯುವ ಮದ್ದು. ಆಮೇಲೆ ಡ್ರಿಪ್ ಸುಮಾರು ಮೂರೂವರೆ ಗಂಟೆ. ಮುಗಿದ ಮೇಲೆ ಒಂದು ಗಂಟೆ ನಿಗಾ.

ಅಂದರೆ ಸಂಜೆ ಕಾಫಿಗೆ ಮನೆಯಲ್ಲಿರ್ತಾರೆ! 24 ಗಂಟೆ ಹಾಸಿಗೆ ಹಿಡಿಯದವರು ರೋಗಿಗಳೇ ಅಲ್ಲ ಅನ್ನೋದು ನಮ್ಮ ಹಳೇ ಸಂಪ್ರದಾಯ.

2019ರ ಸೆಪ್ಟೆಂಬರ್‌ನಲ್ಲಿ ಐಆರ್‌ಡಿಎಐ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂತ ಹೇಳಿತ್ತು. ಇಂಜೆಕ್ಷನ್ ಮೂಲಕ ಕೊಡುವ ಮೊನೊಕ್ಲೋನಲ್ ಆ್ಯಂಟಿಬಾಡಿ ಅದರಲ್ಲಿದೆ. ಓಕ್ರೆಲಿಜುಮ್ಯಾಬ್ ಅದೇ ಜಾತಿಯದು.

ಹೊರಗಿಡಬಾರದು ಅಂದಿದಾರೆ. ಒಳಗೆ ಬಂದಮೇಲೆ ಎಲ್ಲಿ ಕೂರಿಸಬೇಕು ಅನ್ನೋದು ನಮಗೆ ಬಿಟ್ಟಿದ್ದು. ಎಲ್ಲಾ ಕಂಪನಿಗಳೂ ಮಾರಬೇಕಾದ ‘ಆರೋಗ್ಯ ಸಂಜೀವಿನಿ’ ಅನ್ನೋ ಮಾದರಿ ಪಾಲಿಸಿ ತೆಗೆದು ನೋಡಿ. ಈ ಹನ್ನೆರಡು ಚಿಕಿತ್ಸೆಗೆ ಡೇ ಕೇರ್‌ನಲ್ಲೂ ದುಡ್ಡಿದೆ, ಆದರೆ ವಿಮಾ ಮೊತ್ತದ ಅರ್ಧದವರೆಗೆ ಮಾತ್ರ. ಉಳಿದ ಪಾಲಿಸಿಗಳಲ್ಲಿ ಇಂಥ ಮಿತಿ ಇದೆಯಾ ಅಂತ ನೋಡೋಕೆ ಭೂತಗನ್ನಡಿ ಬೇಕು. ಏಜೆಂಟು ಕ್ಯಾಲೆಂಡರ್ ಕೊಡ್ತಾನೆ, ಭೂತಗನ್ನಡಿ ಕೊಡಲ್ಲ.

ಹಾಗಾದರೆ ಮಾತ್ರೆ? ಫಿಂಗೋಲಿಮಾಡ್, ಡೈಮಿಥೈಲ್ ಫ್ಯೂಮರೇಟ್ ಇವೆ. ಭಾರತದ ಕಂಪನಿಗಳೇ ತಯಾರಿಸುತ್ತವೆ, ಡ್ರಿಪ್ಪಿಗಿಂತ ಎಷ್ಟೋ ಅಗ್ಗ. ಅದನ್ನಾದರೂ ಸಂತೋಷವಾಗಿ ಕೊಡಬಹುದಲ್ಲ?

ಎಲ್ಲಿ ಕೂತು ನುಂಗ್ತಾರೆ?

ಮನೆಯಲ್ಲಿ, ಊಟದ ಜೊತೆ.

ಹಾಗಿದ್ದರೆ ಅದು ಒಪಿಡಿ. ಅಡ್ಮಿಟ್ ಆಗೋಕೆ ಹಿಂದೆಮುಂದೆ ಒಂದಿಷ್ಟು ದಿನದ ಮಾತ್ರೆಗೆ ಕೊಟ್ಟೇವು. ವರ್ಷಪೂರ್ತಿ ನುಂಗೋದಕ್ಕೆ ನಮ್ಮ ಮಾಮೂಲಿ ಪಾಲಿಸಿಯಲ್ಲಿ ಜಾಗ ಇಲ್ಲ. ನಮ್ಮ ಲೆಕ್ಕ ಕೇಳಿ. ಅಗ್ಗದ ಮಾತ್ರೆ ನುಂಗಿ ಮನೇಲಿ ಆರಾಮಾಗಿದ್ದರೆ ಏನೂ ಕೊಡಲ್ಲ. ಆಸ್ಪತ್ರೆಗೆ ಬಂದು ದುಬಾರಿ ಡ್ರಿಪ್ ಹಾಕಿಸ್ಕೊಂಡರೆ ಕೊಟ್ಟರೂ ಕೊಡಬಹುದು. ಮಾತ್ರೆಗೆ ದುಡ್ಡಿಲ್ಲದೆ ಬಿಟ್ಟು, ಕಾಲು ಸ್ವಾಧೀನ ತಪ್ಪಿ, ಐದು ದಿನ ಅಡ್ಮಿಟ್ ಆಗಿ ಸ್ಟೆರಾಯ್ಡ್ ಹಾಕಿಸ್ಕೊಂಡರೆ ಧಾರಾಳವಾಗಿ ಕೊಡ್ತೀವಿ. ನಮ್ಮದು ಆರೋಗ್ಯ ವಿಮೆ ಸ್ವಾಮಿ. ಆರೋಗ್ಯವಾಗಿರೋರಿಗೆ ಯಾಕೆ ಕೊಡಬೇಕು?

ಅನೇಕ ನ್ಯೂರಾಲಜಿಸ್ಟರು ರಿಟುಕ್ಸಿಮ್ಯಾಬ್ ಬರೆಯುತ್ತಾರೆ. ಇಲ್ಲಿಯೇ ತಯಾರಾಗುವುದರಿಂದ ಖರ್ಚೂ ಕಡಿಮೆ.

ಆ ಮದ್ದಿನ ಜೊತೆ ಬರೋ ಚೀಟಿಯಲ್ಲಿ ಲಿಂಫೋಮಾ ಕ್ಯಾನ್ಸರ್ ಅಂತಿದೆ, ರುಮಟಾಯ್ಡ್ ಸಂಧಿವಾತ ಅಂತಿದೆ. ಎಂಎಸ್ ಅಂತ ಎಲ್ಲಿದೆ? ಅದಕ್ಕೇ ನಾನು ಕೇಳ್ತೀನಿ: ಇವರಿಗೆ ಕ್ಯಾನ್ಸರ್ ಇದ್ದರೆ ಯಾಕೆ ಮುಚ್ಚಿಟ್ಟರು? ಇಲ್ಲದಿದ್ದರೆ ಈ ಮದ್ದು ಯಾಕೆ ಹಾಕಿಸ್ಕೊಂಡರು? ಎರಡರಲ್ಲಿ ಯಾವುದಕ್ಕೆ ಉತ್ತರ ಕೊಟ್ಟರೂ ನನಗೆ ಇನ್ನೊಂದು ಪ್ರಶ್ನೆ ಸಿಗುತ್ತೆ.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಪಟ್ಟಿಗೆ ಮೊದಲ ಬಾರಿ ಎಂಎಸ್ ಮದ್ದುಗಳನ್ನು ಸೇರಿಸಿತು. ಕ್ಲಾಡ್ರಿಬಿನ್, ಗ್ಲಾಟಿರಾಮರ್ ಜೊತೆಗೆ ಸೇರಿದ ಮೂರನೆಯದು ಇದೇ ರಿಟುಕ್ಸಿಮ್ಯಾಬ್.

ಜಿನೀವಾದವರು ನಮ್ಮ ಪ್ಯಾನೆಲ್‌ನಲ್ಲಿ ಇಲ್ಲ.

ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾಡಿಸಿದ್ದರೆ? ಎಂಎಸ್ ಆ ಪಟ್ಟಿಯಲ್ಲಿದೆ. ಇಡುಗಂಟು ಸಿಗುತ್ತದೆ ಅಂತ ಏಜೆಂಟರು ಹೇಳುತ್ತಾರೆ.

ಪೂರ್ತಿ ಹೆಸರು ಹೇಳಿರಲ್ಲ. ‘ಲಕ್ಷಣಗಳು ಉಳಿದುಕೊಂಡಿರುವ ಮಲ್ಟಿಪಲ್ ಸ್ಕ್ಲೆರೋಸಿಸ್’ ಅಂತಿರುತ್ತೆ. ಎಂಆರ್‌ಐ ಒಂದೇ ಸಾಲದು. ಚಲನೆಯಲ್ಲೋ ಸ್ಪರ್ಶದಲ್ಲೋ ಊನ ಇರಬೇಕು, ಅದು ಕನಿಷ್ಠ ಆರು ತಿಂಗಳು ಸತತವಾಗಿ ಇರಬೇಕು.

ಮದ್ದು ಕೊಡುವುದೇ ಊನ ಉಳಿಯಬಾರದು ಅಂತಲ್ಲವೇ?

ಹೌದು. ಮದ್ದು ಕೆಲಸ ಮಾಡಿದರೆ ನಮ್ಮ ದುಡ್ಡಿಲ್ಲ. ನಮ್ಮ ದುಡ್ಡು ಬಂತು ಅಂದರೆ ಮದ್ದು ಕೆಲಸ ಮಾಡಲಿಲ್ಲ ಅಂತ.

ಕಾಯಿಲೆ ಗೊತ್ತಾದ ಮೇಲೆ ಹೊಸ ಪಾಲಿಸಿ ಸಿಗುತ್ತದಾ?

ಆಗಲೇ 2019ರ ಮಾರ್ಗಸೂಚಿ ಅಂದಿರಲ್ಲ, ಅದನ್ನ ಇನ್ನೊಂದಿಷ್ಟು ಪುಟ ತಿರುಗಿಸಬೇಕಿತ್ತು. ಅರ್ಜಿದಾರರ ಒಪ್ಪಿಗೆ ಪಡೆದು ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿ ಅದರಲ್ಲೇ ಇತ್ತು. ಸಂಕೇತ ಜಿ 35ರಿಂದ ಜಿ 37: ನರದ ಹೊದಿಕೆ ಕೆಡೋ ಕಾಯಿಲೆಗಳು. ಎಂಎಸ್‌ನ ನಂಬರು ಜಿ 35. ಒಂದೇ ಕಡತದಲ್ಲಿ ಮದ್ದನ್ನ ಒಳಗೆ ಕರೆದು, ಆ ಮದ್ದು ಬೇಕಾದವರನ್ನ ಹೊರಗೆ ನಿಲ್ಲಿಸಿದ ಜಾಣತನಕ್ಕೆ ನಾನೇ ಕೈಮುಗಿದಿದ್ದೀನಿ. ಆ ಪಟ್ಟಿಯ ಗುಂಗು ಪಾಲಿಸಿ ಕೊಡೋ ವಿಭಾಗದವರ ತಲೆಯಿಂದ ಇನ್ನೂ ಇಳಿದಿಲ್ಲ. ಏನು ಬಂದರೂ ಕೊಡ್ತೀವಿ, ಬಂದಿರೋದಕ್ಕೆ ಮಾತ್ರ ಕೊಡಲ್ಲ.

ಆಫೀಸಿನ ಗ್ರೂಪ್ ಪಾಲಿಸಿ ಇರುವವರು?

ಅವರು ಪುಣ್ಯವಂತರು. ದೊಡ್ಡ ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಹಳೇ ಕಾಯಿಲೆಗೂ ಮೊದಲ ದಿನದಿಂದ ಕವರ್ ಇರೋದು ಮಾಮೂಲು. ಆದ್ದರಿಂದ ಔಟರ್ ರಿಂಗ್ ರೋಡಲ್ಲಿ ಕೆಲವರು ಮ್ಯಾನೇಜರ್ ಬೈದರೂ ನಗ್ತಾರೆ, ಕಣ್ಣು ಮಂಜಾದರೂ ಲಾಗಿನ್ ಆಗ್ತಾರೆ. ಅವರು ಕಾಪಾಡ್ಕೊಳ್ತಿರೋದು ಕೆಲಸ ಅಲ್ಲ, ಡ್ರಿಪ್ಪು. ಕೆಲಸ ಬಿಡೋಕೆ ಮುಂಚೆಯೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳೋಕೆ ಅರ್ಜಿ ಹಾಕಬಹುದು. ಇದನ್ನ ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡಿ.

ಎಂಎಸ್ ರೋಗಿಗಳನ್ನು ಹೆಚ್ಚು ಕಾಡುವುದು ಸುಸ್ತು. ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಬೇಕಾಗುತ್ತದೆ ಅನ್ನುವವರಿದ್ದಾರೆ. ಅಂಥವರನ್ನು ಈ ಪಾಟಿ ಓಡಾಡಿಸುತ್ತೀರಲ್ಲ?

(ಮುಖ ಅರಳುತ್ತದೆ) ಅದು ನನಗೆ ಗೊತ್ತಿಲ್ಲ ಅಂದ್ಕೊಂಡಿರಾ? ಜ್ವರದವರು, ಮೂಳೆ ಮುರಿದವರು ವಾಸಿಯಾಗಿ ಬಂದು ನನ್ನ ಮೇಲೆ ಎಗರಾಡ್ತಾರೆ. ಇವರಿಗೆ ಎಗರಾಡೋಕೆ ಶಕ್ತಿ ಇರಲ್ಲ, ಮತ್ತೆ ಆರು ತಿಂಗಳಿಗೆ ನನ್ನ ಹತ್ತಿರವೇ ಬರಬೇಕು. ಪ್ರತಿ ಸಲ ಹೊಸದಾಗಿ ಕೇಳ್ತೀನಿ: ‘ಈ ಚಿಕಿತ್ಸೆ ಇನ್ನೂ ಯಾಕೆ ಬೇಕು?’ ನಾಲ್ಕನೇ ಕ್ವೆರಿಗೆ ಉತ್ತರ ಬರಲಿಲ್ಲ ಅಂದರೆ ‘ದಾಖಲೆ ಸಲ್ಲಿಸದ ಕಾರಣ ಫೈಲ್ ಕ್ಲೋಸ್’. ಅದು ತಿರಸ್ಕಾರ ಅಲ್ಲ ನೋಡಿ, ಬರೀ ಮುಕ್ತಾಯ. ತಿರಸ್ಕಾರಕ್ಕಾದರೆ ಕಾರಣ ಬರೀಬೇಕಾಗುತ್ತೆ.

ನಿಮಗೂ ಹೆದರಿಕೆ ಹುಟ್ಟಿಸಿದವರು ಯಾರಾದರೂ ಇದ್ದಾರಾ?

(ಅತ್ತಿತ್ತ ನೋಡಿ) ಜಗಳ ಆಡೋರಿಗೆ ಹೆದರಲ್ಲ, ಅಳೋರಿಗಂತೂ ಇಲ್ಲವೇ ಇಲ್ಲ. ಒಬ್ಬಾಕೆ ಬಂದಿದ್ದರು. ಕೈಯಲ್ಲಿ ಊರುಗೋಲು, ಕಂಕುಳಲ್ಲಿ ನೀಲಿ ಫೈಲು. ಅದರಲ್ಲಿ ಎಲ್ಲಕ್ಕಿಂತ ಮೇಲೆ ನ್ಯೂರಾಲಜಿಸ್ಟ್ ಕೊಟ್ಟ ಒಂದೇ ಪುಟದ ಪತ್ರ: ಕಾಯಿಲೆ ಪತ್ತೆಯಾದ ತಾರೀಖು, ಎಂಆರ್‌ಐಯಲ್ಲಿ ಕಂಡದ್ದು, ಮೊದಲು ಕೊಟ್ಟ ಮದ್ದು ಯಾಕೆ ಸಾಲಲಿಲ್ಲ, ಇದನ್ನ ಆಸ್ಪತ್ರೆಯಲ್ಲೇ ಯಾಕೆ ಕೊಡಬೇಕು, ತಡವಾದರೆ ಏನಾಗುತ್ತೆ. ನಾನು ಕೇಳಬೇಕು ಅಂತಿದ್ದ ನಾಲ್ಕೂ ಪ್ರಶ್ನೆ ಆ ಪುಟದಲ್ಲೇ ಸತ್ತುಬಿದ್ದಿದ್ದವು. ನಾನು ಐದನೆಯದು ಹುಡುಕ್ತಿದ್ದಾಗ ಆಕೆ ಕೂತಲ್ಲೇ ಹೇಳಿದರು: ‘ಕೊಡಲ್ಲ ಅಂತಾದರೆ ಹಾಗಂತ ಬರೆದುಕೊಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ನಂಬರ್ ಹಾಕಿ.’ ನನಗೆ ಬೆವರು ಕಿತ್ತುಕೊಂಡು ಬಂತು.

ಅಷ್ಟು ಭಯ ಯಾಕೆ?

ಯಾಕಂದ್ರೆ ಬರೆದುಕೊಟ್ಟ ‘ಇಲ್ಲ’ಕ್ಕೆ ಮುಂದೆ ದಾರಿ ಇದೆ, ನನಗೆ ಇಲ್ಲ. ಆ 2024ರ ಸುತ್ತೋಲೆಯ ಪ್ರಕಾರ ಕ್ಲೇಮ್ ತಿರಸ್ಕರಿಸೋಕೆ ಕಂಪನಿಯೊಳಗಿನ ಪರಿಶೀಲನಾ ಸಮಿತಿ ಒಪ್ಪಬೇಕು, ಷರತ್ತು ತೋರಿಸಿ ಕಾರಣ ಕೊಡಬೇಕು. ದಾಖಲೆಗಳನ್ನ ಆಸ್ಪತ್ರೆಯಿಂದ ನಾವೇ ತರಿಸ್ಕೋಬೇಕು, ರೋಗಿಯನ್ನ ಕೇಳಬಾರದು ಅಂತಲೂ ಇದೆ. ಅಂದರೆ ಆ ಜೆರಾಕ್ಸ್ ಅಂಗಡಿ ಓಡಾಟಕ್ಕೆಲ್ಲ ಆಧಾರವೇ ಇಲ್ಲ! ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೀತಾರೆ. 30 ದಿನಕ್ಕೆ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಜೆ.ಪಿ. ನಗರದ ಜೀವನ ಸೌಧದಲ್ಲಿರೋ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗ್ತಾರೆ. ಅಲ್ಲಿ ಫೀಸಿಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ಪರಿಹಾರ ಕೊಡಿಸೋ ಅಧಿಕಾರ ಅವರಿಗಿದೆ. ತೀರ್ಪು ಕಂಪನಿ ಪಾಲಿಸಲೇಬೇಕು. 30 ದಿನ ಮೀರಿದರೆ ದಿನಕ್ಕೆ 5,000 ರೂಪಾಯಿ ದಂಡ, ಅದೂ ದೂರುದಾರರಿಗೇ.

ಹಾಗಾದರೆ ಎಲ್ಲರೂ ಬರೆದುಕೊಡಿ ಅಂತ ಕೇಳಿದರೆ ನಿಮ್ಮ ಕಥೆ ಮುಗಿಯಿತು?

ಅಷ್ಟು ಖುಷಿಪಡಬೇಡಿ. ಮನೇಲಿ ಮಾತ್ರೆ ನುಂಗೋರಿಗೆ ಒಂಬುಡ್ಸ್‌ಮನ್ ಏನು ಮಾಡಿಯಾರು? ಪಾಲಿಸಿಯಲ್ಲೇ ಇಲ್ಲದ್ದನ್ನ ಅವರೂ ಕೊಡಿಸೋಕಾಗಲ್ಲ. ಅದು ಕಾಗದದ ಜಗಳ ಅಲ್ಲ, ಪಾಲಿಸಿ ಬರೆದವರ ಜೊತೆಗಿನ ಜಗಳ. ಅಲ್ಲಿ ನನ್ನಂಥವಳೂ ಬೇಕಿಲ್ಲ. ಕ್ವೆರಿ ಹುಟ್ಟೋದೇ ಸ್ವಲ್ಪನಾದರೂ ಹಕ್ಕು ಇರೋ ಕಡೆ.

ಕೊನೆಯದಾಗಿ, ನಮ್ಮ ಓದುಗರಿಗೆ ಒಂದು ಮಾತು?

ಪ್ರೀಮಿಯಂ ಮಾತ್ರ ತಪ್ಪದೆ ಕಟ್ಟಿ. ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕೂಡ ಇಲ್ಲ. ಫೋನಲ್ಲಿ ಒತ್ತಿದರೆ ಎರಡು ನಿಮಿಷಕ್ಕೆ ಜಮಾ. ಇಷ್ಟು ವರ್ಷದಲ್ಲಿ ಯಾರ ಪ್ರೀಮಿಯಂಗೂ ನಾನು ಒಂದೇ ಒಂದು ಕ್ವೆರಿ ಹಾಕಿದವಳಲ್ಲ, ಬೇಕಿದ್ದರೆ ದಾಖಲೆ ತೆಗೆದು ನೋಡಿ.