ಸ್ವಾಮ್ಯಾರ್ಹ ಚಲನಚಿತ್ರಗಳ ಪುನರ್ವೀಕ್ಷಣಾ ಮೀಮಾಂಸೆ: ಮಂಗಳೂರನ್ನು ಅನುಲಕ್ಷಿಸಿ

ಪ್ರಸ್ತಾವನೆ: ಮನುಷ್ಯನು ಸಿನಿಮಾ ನೋಡುತ್ತಾನೆ ಎಂಬುದು ವಿದ್ವತ್ ವಲಯದಲ್ಲಿ ಈಗಾಗಲೇ ಸ್ಥಾಪಿತವಾಗಿರುವ ಸಂಗತಿಯಾಗಿದೆ. ಆದರೆ ನೋಡಿದ್ದನ್ನೇ ಮತ್ತೆ ನೋಡುವ, ಅದಕ್ಕೆಂದೇ ದುಡ್ಡು ಕೊಟ್ಟು ಡಿಸ್ಕು ತಂದು ಶೋಕೇಸಿನಲ್ಲಿಡುವ ಅವನ ನಡೆಯೊಂದಿಗೆ ನಮ್ಮ ವಿಮರ್ಶೆಯು ಅರ್ಥಪೂರ್ಣ ಅನುಸಂಧಾನ ನಡೆಸದಿರುವುದು ವಿಷಾದನೀಯವಾಗಿದೆ. ಸದರಿ ಕೊರತೆಯನ್ನು ನೀಗುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಅಧ್ಯಯನದ ವ್ಯಾಪ್ತಿ: ಉತ್ತರದಲ್ಲಿ ಕೊಟ್ಟಾರ, ದಕ್ಷಿಣದಲ್ಲಿ ಜೆಪ್ಪು, ಪೂರ್ವದಲ್ಲಿ ಕಂಕನಾಡಿ, ಪಶ್ಚಿಮದಲ್ಲಿ ಸಮುದ್ರ. ಅಧ್ಯಯನದ ಮಿತಿ: ಗುಡುಗು ಬಂದರೆ ಕರೆಂಟು ಹೋಗುತ್ತದೆ. ಅಧ್ಯಯನದ ವಿಧಾನ: ಸೋಫಾಧಾರಿತ ಕ್ಷೇತ್ರಕಾರ್ಯ.

ಪರಿಭಾಷೆ: ‘ಪುನರ್ವೀಕ್ಷಣಾ ಸಹಿಷ್ಣುತೆ’ ಎಂದರೆ, ಪ್ರೇಕ್ಷಕನು ಚಿತ್ರದ ನಡುವೆ ಎದ್ದುಹೋಗಿ, ಕುಕ್ಕರಿನ ಗ್ಯಾಸ್ ಆರಿಸಿ, ಗೇಟಿಗೆ ಬಂದ ಮೀನಿನಕ್ಕನ ಜೊತೆ ಬಂಗುಡೆಯ ದರದ ಕುರಿತು ವಾಗ್ವಾದ ಮುಗಿಸಿ, ಮರಳಿ ಕೂತಾಗ ‘ಏನಾಯ್ತು?’ ಎಂದು ಯಾರನ್ನೂ ಕೇಳಬೇಕಾಗದ ಸ್ಥಿತಿ. ಈ ಮಾನದಂಡದಲ್ಲಿ, ವಿಜಯಕುಮಾರ್ ಕೊಡಿಯಾಲ್‌ಬೈಲ್ ತಮ್ಮದೇ ನಾಟಕದಿಂದ ಮಾಡಿದ ತುಳು ಚಿತ್ರ ‘ಒರಿಯರ್ದೊರಿ ಅಸಲ್’ (2011) ಪೂರ್ಣಾಂಕ ಪಡೆಯುತ್ತದೆ. ಮುಂದಿನ ಮಾತು ಏನೆಂದು ಅಜ್ಜಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಆದರೂ ಇಬ್ಬರೂ ನಗುತ್ತಾರೆ. ಈ ‘ಪೂರ್ವನಿಶ್ಚಿತ ಹಾಸ್ಯ’ದ ತಾತ್ವಿಕ ನೆಲೆಗಳನ್ನು ಮತ್ತೊಂದು ಪ್ರಬಂಧದಲ್ಲಿ ಚರ್ಚಿಸಲಾಗುವುದು (ಅನುದಾನ ಬಂದರೆ).

ವರ್ಗೀಕರಣ: ಸ್ವಾಮ್ಯಾರ್ಹ ಚಿತ್ರಗಳು ಏಳು ವಿಧ.

ಮೊದಲನೆಯದು ‘ಪ್ರದರ್ಶನಾರ್ಥಕ’. ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚದ ಕುರೊಸಾವಾ, ಬರ್ಗ್‌ಮನ್ ಇಲ್ಲಿಗೆ ಸೇರುತ್ತಾರೆ. ಇವನ್ನು ಕೊಳ್ಳುವುದು ನಾವು ನೋಡಲಿಕ್ಕಲ್ಲ, ಬಂದವರು ನೋಡಲಿ ಎಂದು.

ಎರಡನೆಯದು ‘ಅತಿಥಿ-ಉಚ್ಚಾಟಕ’. ರಾತ್ರಿ ಒಂಬತ್ತೂವರೆಯಾದರೂ ಏಳದ ನೆಂಟರೆದುರು ಹಾಕತಕ್ಕದ್ದು. ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಈ ಕೆಲಸಕ್ಕೆ ಬಳಸಿದ ಮನೆಯೊಂದನ್ನು ಪ್ರಬಂಧಕಾರನು ಬಲ್ಲನು. ನೆಂಟರು ಏಳಲಿಲ್ಲ. ಕೊನೆಯ ತನಕ ನೋಡಿ, ಕಣ್ಣೊರೆಸಿಕೊಂಡು, ಅಲ್ಲಿಯೇ ಮಲಗಿದರು.

ಮೂರನೆಯದು ‘ಕೌಟುಂಬಿಕ ಸ್ವಚರಿತ್ರಾತ್ಮಕ’, ಅರ್ಥಾತ್ ಮದುವೆ ಕ್ಯಾಸೆಟ್. ಕಥಾವಸ್ತು: ಊಟ. ನಾಯಕ ನಾಯಕಿಯರು ಮೂರು ತಾಸು ನಿಂತಲ್ಲೇ ನಿಲ್ಲುತ್ತಾರೆ. ಕ್ಯಾಮೆರಾ ಉಣ್ಣುವವರ ಬಾಯಿಯ ಹತ್ತಿರಕ್ಕೇ ಹೋಗುತ್ತದೆ. ಸೌಂದರ್ಯಮೀಮಾಂಸೆಯ ದೃಷ್ಟಿಯಿಂದ ಶೂನ್ಯ. ಆದರೆ ತೀರಿಹೋದ ದೊಡ್ಡಪ್ಪ ಹೋಳಿಗೆ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿಯುವುದು, ಬಡಿಸುವವನು ಬೆರಳ ಸಂದಿಯಿಂದಲೇ ಇನ್ನೊಂದನ್ನು ಜಾರಿಸುವುದು, ಅಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ.

ನಾಲ್ಕನೆಯದು ‘ವಿಭಕ್ತ ಕಥನ’, ಅಂದರೆ ವಿಸಿಡಿ. ಒಂದು ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು ಹೆಚ್ಚುಕಡಿಮೆ 74 ನಿಮಿಷ. ನಮ್ಮ ಸಿನಿಮಾಗಳೋ ಎರಡೂವರೆ ತಾಸು. ಕಥೆ ಎಲ್ಲಿ ನಿಲ್ಲಬೇಕೆಂದು ನಿರ್ದೇಶಕನಲ್ಲ, ಡಿಸ್ಕು ನಿರ್ಧರಿಸುತ್ತಿತ್ತು. ನಾಯಕ ಕಪಾಳಕ್ಕೆ ಬಿಗಿಯಲು ಕೈ ಎತ್ತಿದ, ಪರದೆ ನೀಲಿಯಾಯಿತು. ಅಪ್ಪ ಎದ್ದು ಎರಡನೇ ಡಿಸ್ಕನ್ನು ಲುಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು, ಉಫ್ ಎಂದು ಊದಿ, ಪ್ಲೇಯರಿನೊಳಗೆ ಇಟ್ಟು ಕೂತ ಮೇಲೆಯೇ ಏಟು ಬಿದ್ದದ್ದು. 2007ರಲ್ಲಿ ಮೋಸರ್ ಬೇಯರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ಬಿಟ್ಟಾಗ, ಸಿನಿಮಾ ಸ್ವಂತ ಮಾಡಿಕೊಳ್ಳುವುದು ಮೊದಲ ಬಾರಿಗೆ ಬಡವನ ಕೈಗೂ ಎಟುಕಿತ್ತು.

ಐದು, ಆರು ಮತ್ತು ಏಳನೆಯ ವಿಧಗಳು ಇಲ್ಲ. ಏಳು ಎಂದರೆ ಪ್ರಬಂಧಕ್ಕೆ ತೂಕ ಬರುತ್ತದೆಂದು ಬರೆದದ್ದು.

ಇಂಥ ತೂಕವನ್ನು ನಾನು ಕಲಿತದ್ದು ಕರಾವಳಿ ಸಿನಿಮಾದ ಬಗ್ಗೆ ನಡೆದ ಒಂದು ವಿಚಾರ ಸಂಕಿರಣದಲ್ಲಿ. ವಿದ್ವಾಂಸರೊಬ್ಬರು ‘ಗುಲಾಬಿ ಟಾಕೀಸ್’ (2008) ಚಿತ್ರವನ್ನು ‘ಯಜಮಾನಿಕೆಯ ಸಂಕಥನದೊಂದಿಗೆ ಮುಖಾಮುಖಿಯಾಗಿಸಿ’ ಮುಕ್ಕಾಲು ತಾಸು ಮಾತಾಡಿದರು. ಚಿತ್ರದಲ್ಲಿ ಊರಿಗೆ ಬರುವ ಟಾಕೀಸಿನ ಕಟ್ಟಡ ಆಧುನಿಕತೆಯ ರೂಪಕವಂತೆ. ಟಾಕೀಸು ಬರುವುದು ವೈದೇಹಿಯವರ ಕಥೆಯಲ್ಲಿ, ಸ್ವಾಮೀ. ಕಾಸರವಳ್ಳಿಯವರ ಚಿತ್ರದಲ್ಲಿ ಬರುವುದು ಡಿಶ್ ಆಂಟೆನಾದ ಬಣ್ಣದ ಟಿವಿ. ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬಂದದ್ದಕ್ಕೇ ಮೀನುಗಾರರ ಕೇರಿಯ ಹೆಂಗಸರು ಅವಳ ಹೊಸ್ತಿಲು ದಾಟಿದ್ದು, ಅದಕ್ಕೇ ಚಿತ್ರ ಇರುವುದು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರವನ್ನು ಇವರು ನೋಡಿಯೇ ಇರಲಿಲ್ಲ! ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ. ‘ಪಠ್ಯವನ್ನು ಪಠ್ಯವಾಗಿ ನೋಡುವ ಕ್ರಮ ಹಳತಾಯಿತು’ ಎಂದು ಪಾಯಸ ಸುರಿದುಕೊಂಡರು. ಟಿಎ, ಡಿಎ, ಪ್ರಮಾಣಪತ್ರ ಎಲ್ಲ ಸಿಕ್ಕಿರಬೇಕು.

ಸಿಟ್ಟು ಬಂದದ್ದು ಅವರ ಅಜ್ಞಾನಕ್ಕಲ್ಲ. ಒಂದು ಚಿತ್ರವನ್ನು ನೋಡದೆಯೇ ಅದರ ಮೇಲೆ ಬದುಕಬಹುದು ಎನ್ನುವ ಧೈರ್ಯಕ್ಕೆ. ಹಾಗೆ ಬದುಕುವವರಿಗೆ ಚಿತ್ರ ಉಳಿದರೆಷ್ಟು, ಹೋದರೆಷ್ಟು? ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು 1,338, ಉಳಿದವು 29, ಅವುಗಳಲ್ಲೂ ಹಲವು ತುಂಡುಗಳು ಎಂಬ ಲೆಕ್ಕವಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಈಗ ಯಾರಿಗೂ ನೋಡಸಿಗದು, ಪ್ರತಿಯೇ ಇಲ್ಲ. ಅದರ ‘ಐತಿಹಾಸಿಕ ಮಹತ್ವ’ ಹೇಳುವ ಭಾಷಣಗಳಿಗೆ ಮಾತ್ರ ಬರವಿಲ್ಲ. ಅತ್ತ ‘ಘಟಶ್ರಾದ್ಧ’ವನ್ನು ಯಾರೋ ಪುಣ್ಯಾತ್ಮರು ಕೂತು ರಿಪೇರಿ ಮಾಡಿದರು, 2024ರಲ್ಲಿ ವೆನಿಸ್ ಉತ್ಸವದ ಪರದೆಯ ಮೇಲೆ ಅದು ಮತ್ತೆ ಹೊಳೆಯಿತು. ಆ ಭಾಗ್ಯ ಎಷ್ಟು ಚಿತ್ರಗಳಿಗೆ?

ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ರಾಷ್ಟ್ರಪ್ರಶಸ್ತಿ ಪಡೆದ ‘ಬಂಗಾರ್ ಪಟ್ಲೇರ್’ 1993ರದ್ದು. ಪಿ.ಎನ್. ರಾಮಚಂದ್ರರ ‘ಸುದ್ದ’, ಮ್ಯಾಕ್‌ಬೆತ್‌ನನ್ನು ಮೀನುಗಾರರ ನಡುವೆ ತಂದ ಅಭಯ ಸಿಂಹರ ‘ಪಡ್ಡಾಯಿ’. ಇವನ್ನು ಸ್ವಂತವಾಗಿ ಇಟ್ಟುಕೊಳ್ಳಬೇಕೆಂದು ಹೊರಡಿ, ಗೊತ್ತಾಗುತ್ತದೆ. ಹಿಂದೆ ಡಿಸ್ಕು ಮಾರುತ್ತಿದ್ದ ಅಂಗಡಿಯವರು ನನಗೆ ಹೇಳಿದ್ದು ಇಷ್ಟು: ‘ಅದೆಲ್ಲ ಈಗ ಯಾರು ಕೇಳ್ತಾರೆ ಮಾರಾಯ್ರೆ? ಮೊಬೈಲ್ ಕವರ್ ಬೇಕಾದರೆ ಉಂಟು.’ ಓಟಿಟಿಯಲ್ಲಿ ದುಡ್ಡು ಕಟ್ಟಿ ನಾವು ಪಡೆಯುವುದು ನೋಡುವ ಅನುಮತಿ ಮಾತ್ರ. ಅವರ ಹಕ್ಕಿನ ಅವಧಿ ಮುಗಿದ ರಾತ್ರಿ ಚಿತ್ರ ಕಾಣೆ. ದೂರು ಕೊಡಲೂ ಬಾಗಿಲಿಲ್ಲ. ಯಾವುದು ಇಟ್ಟುಕೊಳ್ಳಲು ಯೋಗ್ಯ ಎಂದು ನಾವು ವರ್ಗೀಕರಿಸುತ್ತ ಕೂತಿದ್ದೇವೆ, ಇಟ್ಟುಕೊಳ್ಳುವುದಕ್ಕೇ ಆಸ್ಪದವಿಲ್ಲ.

ಫಲಿತಗಳು: ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ, ಗಲ್ಫಿನಿಂದ ಬಂದ ವಿಸಿಆರ್‌ನ ಪಕ್ಕ, ತುಳುವಿನದ್ದೋ ಕೊಂಕಣಿಯದ್ದೋ ಹಳೆಯ ಸಿನಿಮಾ ಕ್ಯಾಸೆಟ್ ಇದ್ದರೆ ಗುಜರಿಯವನಿಗೆ ಹಾಕಬೇಡಿ. ನಮ್ಮ ಮಳೆಗಾಲಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ. ಹಾಗೆಯೇ ಹಾಕಿ ಓಡಿಸಲೂ ಬೇಡಿ, ಟೇಪೂ ಹಾಳು, ಯಂತ್ರದ ಹೆಡ್ಡೂ ಹಾಳು. ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಟೇಪು ತೊಳೆದು ಕಂಪ್ಯೂಟರಿಗೆ ಇಳಿಸಿಕೊಡುವವರು ಈಗಲೂ ಇದ್ದಾರೆ. ಇಳಿಸಿದ ಮೇಲೆ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಮದುವೆ ಕ್ಯಾಸೆಟ್ ಇದ್ದರೆ ಅದನ್ನೂ.