ಮಿಸೆಸ್ ಮಾವನವರು

ನಮ್ಮ ಮೈಸೂರು ಸೀಮೆಯಲ್ಲಿ ಸರ್‌ನೇಮ್ ಎಂಬ ಪದಾರ್ಥವೇ ಇರಲಿಲ್ಲ. ಇದ್ದದ್ದು ಇನಿಷಿಯಲ್ಲು. ಮೊದಲ ಅಕ್ಷರ ಊರಿಗೆ, ಎರಡನೆಯದು ಅಪ್ಪನಿಗೆ, ಮಿಕ್ಕಿದ್ದು ನಮಗೆ. ಹರದನಹಳ್ಳಿ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡರಾದರು, ಸೋಮನಹಳ್ಳಿ ಮಲ್ಲಯ್ಯನವರ ಮಗ ಎಸ್.ಎಂ. ಕೃಷ್ಣರಾದರು. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪನವರಂತೂ ಇನಿಷಿಯಲ್ಲನ್ನೇ ಕಾವ್ಯನಾಮ ಮಾಡಿಕೊಂಡು 1967ರ ಜ್ಞಾನಪೀಠ ತಂದರು. ಅವರನ್ನು ಯಾರೂ ‘ಮಿಸ್ಟರ್ ವೆಂಕಟಪ್ಪ’ ಎಂದು ಕರೆದ ಹಾಗಿಲ್ಲ.

ಹಾಗೆ ಕರೆಯುವವರು ಅಮೆರಿಕದವರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇದ್ದೊಂದು ಹೆಸರೂ ಸರ್‌ನೇಮಾಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂಬ ಮೂರಕ್ಷರ ಕೂರುತ್ತದೆ. ಅದಕ್ಕೆ ಹೆದರಿ ನಮ್ಮವರು ಅಪ್ಪನ ಹೆಸರು ತುಂಬಿದರು. ಮೈದುನ ಊರಿನ ಹೆಸರು ತುಂಬಿದ. ಒಂದೇ ತಾಯಿಯ ಮಕ್ಕಳು ನ್ಯೂಜೆರ್ಸಿಯಲ್ಲಿ ಬೇರೆ ಬೇರೆ ವಂಶದವರಾದರು. ಮದುವೆಯಾಗಿ ಬಂದ ನಾನು ಮಿಸೆಸ್ ಮಾವನವರಾದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾವನವರ ಹೆಸರು ಬಾಯಲ್ಲಿ ಬರಬಾರದು ಅಂತ ಬೆಳೆದವಳು ನಾನು. ನಮ್ಮತ್ತೆಯೋ ಗಂಡನನ್ನು ‘ಇವ್ರೇ’ ಬಿಟ್ಟು ಬೇರೆ ಕರೆದವರಲ್ಲ. ವೋಟರ್ ಲಿಸ್ಟಿನವರು ಬಂದು ಕೇಳಿದರೆ ಪಕ್ಕದ ಮನೆಯವರನ್ನು ಕರೆದು ಹೇಳಿಸುತ್ತಿದ್ದರು. ಅಂಥವರ ಸೊಸೆ ಇಲ್ಲಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ‘ಟಿ, ಟಾಮ್‌ನ ಟಿ’ ಅಂತ ಮಾವನವರನ್ನು ಅಕ್ಷರ ಅಕ್ಷರವಾಗಿ ಬಿಡಿಸಿಡಬೇಕು. ಅತ್ತೆ ಮಾವ ಬಂದಿದ್ದಾಗ ಒಮ್ಮೆ ಅತ್ತೆಯೂ ಜೊತೆಗಿದ್ದರು. ಮಾತ್ರೆ ಸಿದ್ಧವಾದೊಡನೆ ಕೌಂಟರಿನ ಹುಡುಗ ಮಾವನವರ ಹೆಸರನ್ನು ಏಕವಚನದಲ್ಲಿ, ಅದೂ ಮೂಗಿನಿಂದ ಕೂಗಿದ. ಅತ್ತೆ ಸೆರಗು ಸರಿಮಾಡಿಕೊಂಡು, “ಅವ್ರು ಮನೇಲಿ ಮಲಗಿದಾರೆ ಅಂತ ಹೇಳೇ” ಎಂದರು.

ಹುಬ್ಬಳ್ಳಿ ಕಡೆಯ ಗೆಳತಿಗೆ ಈ ಪಾಡಿಲ್ಲ. ಅವರಲ್ಲಿ ಅಡ್ಡಹೆಸರು ಮುತ್ತಜ್ಜನ ಕಾಲದಿಂದಲೇ ತಯಾರು: ಅಂಗಡಿ, ಹೊಸಮನಿ, ಹುಣಸಿಮರದ, ಉಳ್ಳಾಗಡ್ಡಿ. “ನಮ್ದು ಮೆಣಸಿನಕಾಯಿ ನೋಡವಾ. ಯಾರ್ ಹೆಂಗ್ ಕರದ್ರೂ ಮಾವನೋರಿಗೆ ತಾಗಂಗಿಲ್ಲ” ಅನ್ನುತ್ತಾಳೆ.

ನಮ್ಮ ಕಷ್ಟ ಅರ್ಥವಾಗುವುದು ಐಸ್‌ಲ್ಯಾಂಡಿನವರಿಗೆ. ಅಲ್ಲೂ ಹೆಸರಿನ ಹಿಂದೆ ಸಾಮಾನ್ಯವಾಗಿ ಅಪ್ಪನೇ; ಟೆಲಿಫೋನ್ ಡೈರೆಕ್ಟರಿಯೂ ಮೊದಲ ಹೆಸರಿನ ಪ್ರಕಾರವೇ. ಚಳಿಯೊಂದು ಇಲ್ಲದಿದ್ದರೆ ಅಲ್ಲಿಗೇ ಹೋಗಬಹುದಿತ್ತು.

ಕ್ರಮವಾಗಿ ನಡೆದಿದ್ದರೆ ನನ್ನ ಮಗನಿಗೆ ಅವನಪ್ಪನ ಹೆಸರು ಅಂಟಬೇಕಿತ್ತು. ಆದರೆ ಸರ್‌ನೇಮ್ ಒಮ್ಮೆ ಅಂಟಿತೆಂದರೆ ಬಿಡದು. ಅವನ ಸಾಕರ್ ಅಂಗಿಯ ಬೆನ್ನಿನ ತುಂಬ ತಾತನೇ. ಅವನ ಮ್ಯಾಚಿಗೆ ಮಾವನವರಿಗೂ ಮಂಕಿ ಟೋಪಿ ಹಾಕಿ ಕರೆದೊಯ್ದಿದ್ದೆವು. ಹುಡುಗ ಚೆಂಡು ಒದೆಯುತ್ತ ಗೋಲಿನತ್ತ ನುಗ್ಗಿದ್ದೇ ತಡ, ಸುತ್ತಲಿದ್ದ ತಂದೆತಾಯಿಗಳೆಲ್ಲ ಎದ್ದು ಚಪ್ಪಾಳೆ ತಟ್ಟುತ್ತ ಮಾವನವರ ಹೆಸರು ಕೂಗತೊಡಗಿದರು. ಮಾವನವರು ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು, ಟೋಪಿ ತೆಗೆದರು, ನಾಲ್ಕೂ ದಿಕ್ಕಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ಜನ ನಮ್ಮೂರಲ್ಲಿ ಇದ್ದಿದ್ರೆ ಪಂಚಾಯ್ತಿ ಎಲೆಕ್ಷನ್ನು ನಾನ್ಯಾಕಮ್ಮ ಸೋಲ್ತಿದ್ದೆ?” ಎಂದರು.